ನೂರಾ ಹನ್ನೆರಡು ಸಹಿ, ಹದಿನಾಲ್ಕು ಜನ

ಬೆಳಿಗ್ಗೆ ಹನ್ನೊಂದಕ್ಕೆ ಗ್ರಾಮಸಭೆ ಕರೆದಿದ್ದೆವು. ಹನ್ನೊಂದೂವರೆಗೆ ಎಣಿಸಿದಾಗ ಬಂದಿದ್ದವರು ಹದಿನಾಲ್ಕು ಜನ. ಅವರಲ್ಲಿ ನಾಲ್ವರು ಪಂಚಾಯಿತಿ ಸದಸ್ಯರು, ಇಬ್ಬರು ಅಂಗನವಾಡಿಯವರು, ಒಬ್ಬ ನಮ್ಮದೇ ನೀರುಗಂಟಿ. ಮೇಜಿನ ಮೇಲಿದ್ದ ಹಾಜರಿ ಪುಸ್ತಕದಲ್ಲಿ ಮಾತ್ರ ನೂರಾ ಹನ್ನೆರಡು ಜನ ಆಗಲೇ ಹಾಜರಾಗಿದ್ದರು.

ನಾನು ಆ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ. ಜನರ ಬಾಯಲ್ಲಿ ಪಿಡಿಒ ಮೇಡಂ. ನನ್ನ ಮನೆ ಹುಮನಾಬಾದಿನಲ್ಲಿ. ದಿನವೂ ಬಸ್ಸಿನಲ್ಲಿ ರಾಜೇಶ್ವರದವರೆಗೆ ಬಂದು, ಅಲ್ಲಿಂದ ಟಂಟಂ ಆಟೊ ಹಿಡಿದು ಬಸವಕಲ್ಯಾಣ ತಾಲ್ಲೂಕಿನ ಆ ಊರು ಸೇರುತ್ತಿದ್ದೆ. ಊರಿನ ಹೆಸರು ಬೇಡ. ಅಲ್ಲಿಯವರು ಇಂದಿಗೂ ಬಸ್ಸಿನಲ್ಲಿ ಕಂಡರೆ ಜಾಗ ಕೊಟ್ಟು ಮಾತಾಡಿಸುತ್ತಾರೆ, ಅದು ಹಾಗೇ ಇರಲಿ.

ಅಂದಿನ ಸಭೆಯ ಮುಂದಿದ್ದ ವಿಷಯ ಒಂದೇ: ವಸತಿ ಯೋಜನೆಯ ಪಟ್ಟಿಗೆ ಒಪ್ಪಿಗೆ ಪಡೆಯುವುದು. ಪಂಚಾಯಿತಿಗೆ ಮೂವತ್ತು ಮನೆ ಬಂದಿದ್ದವು. ಅರ್ಜಿ ಹಾಕಿದವರು ಅದರ ಇಮ್ಮಡಿಗೂ ಹೆಚ್ಚು. ಆ ಮೂವತ್ತು ಮನೆ ಯಾರಿಗೆ ಎಂಬುದನ್ನು ಕಚೇರಿಯಾಗಲಿ ಸದಸ್ಯರಾಗಲಿ ತೀರ್ಮಾನಿಸುವಂತಿಲ್ಲ. ಊರಿನ ಮತದಾರರು ಸೇರಿದ ಗ್ರಾಮಸಭೆಯೇ ಆರಿಸಬೇಕು. ಅದಕ್ಕೆ ನೂರು ಜನರ ಕೋರಂ ಬೇಕು. ಕಾಗದದ ಮೇಲೆ ಇದಕ್ಕಿಂತ ಚೆಂದದ ವ್ಯವಸ್ಥೆ ನನಗೆ ಗೊತ್ತಿಲ್ಲ.

ನಡೆಯುತ್ತಿದ್ದದ್ದು ಬೇರೆ. ಸಭೆಗೆ ಎರಡು ದಿನ ಮೊದಲೇ ಹಾಜರಿ ಪುಸ್ತಕ ನೀರುಗಂಟಿಯ ಕಂಕುಳಲ್ಲಿ ಊರು ಸುತ್ತುತ್ತಿತ್ತು. ರೇಷನ್ ಅಂಗಡಿಯ ಸಾಲಿನಲ್ಲಿ, ನಲ್ಲಿಯ ಹತ್ತಿರ, ಚಹಾದಂಗಡಿಯಲ್ಲಿ ಸಹಿಗಳು ಬೀಳುತ್ತಿದ್ದವು. ನೀರುಗಂಟಿ ಕೇಳಿದರೆ ಯಾರೂ ಒಲ್ಲೆ ಎನ್ನುವುದಿಲ್ಲ. ನಾಳೆ ನೀರು ಬಿಡುವವನು ಅವನೇ. ನಡಾವಳಿಯನ್ನು ಹಿಂದಿನ ದಿನವೇ ಬರೆದಿಡುತ್ತಿದ್ದೆವು. ‘ಸಭೆಯಲ್ಲಿ ವಿವರವಾಗಿ ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು.’ ಮೂರು ವರ್ಷ ಆ ಸಾಲನ್ನು ನಾನೇ ನನ್ನ ಕೈಯಿಂದ ಬರೆದಿದ್ದೆ.

ಅದರಲ್ಲಿ ತಪ್ಪೇನಿದೆ ಎಂದು ಆಗ ಅನ್ನಿಸಿರಲಿಲ್ಲ. ಈ ಸಲದ ಪಟ್ಟಿಯ ಬಗ್ಗೆಯಂತೂ ನನಗೆ ಹೆಮ್ಮೆಯೇ ಇತ್ತು. ಬಿಲ್ ಕಲೆಕ್ಟರನನ್ನು ಕರೆದುಕೊಂಡು ಒಂದೊಂದೇ ಮನೆಗೆ ಹೋಗಿ ನೋಡಿದ್ದೆ. ಗೋಡೆ ಮಣ್ಣಿನದೋ ಕಲ್ಲಿನದೋ, ಮೇಲೆ ತಗಡೋ ಮಣ್ಣಿನ ಮಾಳಿಗೆಯೋ ಸ್ಲ್ಯಾಬೋ, ಕೋಣೆ ಎಷ್ಟು, ಮನೆಯಲ್ಲಿ ಎಷ್ಟು ಜೀವ, ಎಲ್ಲ ಬರೆದುಕೊಂಡು ಅಂಕ ಹಾಕಿದ್ದೆ. ಸದಸ್ಯರು ತಂದ ಶಿಫಾರಸು ಚೀಟಿಗಳನ್ನು ಪಕ್ಕಕ್ಕಿಟ್ಟಿದ್ದೆ. ಪಟ್ಟಿ ನ್ಯಾಯವಾಗಿದೆ, ಇನ್ನು ಸಭೆ ಸೇರಿದರೇನು ಬಿಟ್ಟರೇನು ಎಂಬುದು ನನ್ನ ಸಮಾಧಾನ.

ಆ ಸಮಾಧಾನ ಹನ್ನೆರಡು ಗಂಟೆಯ ಹೊತ್ತಿಗೆ ಮುಗಿಯಿತು. ಅರವತ್ತು ದಾಟಿದ ಒಬ್ಬ ಕೂಲಿ ಹೆಂಗಸು ಪಂಚಾಯಿತಿ ಅಂಗಳಕ್ಕೆ ಬಂದರು. ಬುದ್ಧವಿಹಾರದ ಹಿಂದಿನ ಓಣಿಯವರು. ಸೋಯಾ ಕೊಯ್ಯುತ್ತಿದ್ದ ಹೊಲದಿಂದ ನೇರ ಬಂದಿದ್ದರು, ಸೆರಗಿಗೆ ಒಣಗಿದ ಸಿಪ್ಪೆ ಅಂಟಿತ್ತು. ಮೇಜಿನ ಹತ್ತಿರ ನಿಂತು ಕೇಳಿದರು:

“ಮೇಡಂರಿ, ಮೊನ್ನಿ ರೇಷನ್ ಅಂಗಡ್ಯಾಗ ನಾ ಹೆಬ್ಬಟ್ಟ ಒತ್ತೀನಿ. ಯಾತಕ್ಕ ಒತ್ತೀನಿ, ಜರಾ ಹೇಳ್ರಿ.”

“ಗ್ರಾಮಸಭೆಗೆ, ಅವ್ವಾ. ಮನೆ ಪಟ್ಟಿಗೆ ಒಪ್ಪಿಗೆ ಅಂತ.”

“ಆ ಪಟ್ಟ್ಯಾಗ ನನ್ನ ಹೆಸರ ಅದ?”

ನೋಡಿದೆ. ಇರಲಿಲ್ಲ. ಇಲ್ಲ ಎಂದೆ.

“ನೋಡ್ರಿ ಹಂಗಾರ. ನನ್ನ ಹೆಸರ ಬ್ಯಾಡ ಅಂತ ನಾನೇ ಒಪ್ಪಿಗಿ ಕೊಟ್ಟಂಗ ಆತಲ್ರಿ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದರು. ನಾನು ಸಮೀಕ್ಷೆಯ ಹಾಳೆ ತೆಗೆದು, “ನಿಮ್ಮದು ಸ್ಲ್ಯಾಬಿನ ಮನೆ ಅಂತ ಇದೆ, ಅದಕ್ಕೆ ಅಂಕ ಬಂದಿಲ್ಲ” ಎಂದೆ.

“ಸ್ಲ್ಯಾಬ್ ನಮ್ಮ ಮೈದುನಂದ್ರಿ. ನಾ ಇರೂದು ಹಿಂದ, ದನದ ಕೊಟ್ಟಿಗ್ಯಾಗ. ನೀವು ಬಂದಾಗ ನಾ ಹೊಲಕ್ಕ ಹೋಗಿದ್ದೆ. ಯಾರನ್ನ ಕೇಳಿ ಬರಕೊಂಡ್ರಿ?”

ನಾನು ಮುಂದಿನ ಬಾಗಿಲಲ್ಲಿ ನಿಂತು ಅವರ ಮೈದುನನನ್ನು ಕೇಳಿ ಬರೆದುಕೊಂಡಿದ್ದೆ. ಮನೆಯ ಹಿಂದಕ್ಕೆ ಹೋಗಿರಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಅಧ್ಯಕ್ಷೆ ಕುಳಿತಿದ್ದರು. ಏಳನೇ ಇಯತ್ತೆವರೆಗೆ ಓದಿದವರು, ಮಹಿಳಾ ಮೀಸಲಾತಿಯಲ್ಲಿ ಗೆದ್ದು ಬಂದವರು. ಸಭೆಗಳಲ್ಲಿ ಸೆರಗು ತಲೆಯ ಮೇಲೆಳೆದು ಕೂರುತ್ತಿದ್ದರು. ಮಾತೆಲ್ಲ ಅವರ ಗಂಡನದು. ಆತ ಆಗ ಕಂಬಕ್ಕೊರಗಿ ನಿಂತಿದ್ದ.

“ಮೇಡಂ, ಮುಗಸ್ರಿ ಇನ್ನ,” ಎಂದ. “ಫೋಟೋ ತೆಗದು ಮ್ಯಾಲ ಕಳಸ್ರಿ. ಎಲ್ಲಾ ಕಡೆ ಹಿಂಗೇ ನಡೀತದ. ನೀವೊಬ್ರೇ ಹರಿಶ್ಚಂದ್ರ ಆಗಬ್ಯಾಡ್ರಿ.”

ಆತ ಹೇಳಿದ್ದು ಸುಳ್ಳಲ್ಲ. ಅದೇ ತಿಂಗಳು ಬಸವಕಲ್ಯಾಣದಲ್ಲಿ ನಮಗೊಂದು ತರಬೇತಿ ನಡೆದಿತ್ತು. ಕಲ್ಯಾಣದಲ್ಲಿ ಯಾವ ಸರ್ಕಾರಿ ಸಭೆಯಾದರೂ ಮೊದಲ ಭಾಷಣದಲ್ಲಿ ಅನುಭವ ಮಂಟಪ ಬಂದೇ ಬರುತ್ತದೆ: ಜಗತ್ತಿಗೆ ಸಂಸತ್ತು ಕೊಟ್ಟ ಮಣ್ಣು ಇದು, ಇಲ್ಲಿ ಕೆಲಸ ಮಾಡುವುದೇ ಪುಣ್ಯ, ಇತ್ಯಾದಿ. ನಾವು ಚಪ್ಪಾಳೆ ತಟ್ಟಿದ್ದೆವು. ಚಹಾ ಕುಡಿಯುವಾಗ ಪಕ್ಕದವರೊಬ್ಬರು, “ನಿಮ್ಮ ಹಾಜರಿ ಪುಸ್ತಕ ತುಂಬಿತೇನ್ರಿ?” ಎಂದು ಕೇಳಿದ್ದರು. ತುಂಬುತ್ತಿದೆ ಎಂದಿದ್ದೆ. ಆಗ ಏನೂ ಅನ್ನಿಸಿರಲಿಲ್ಲ. ಈಗ ಆ ಹೆಂಗಸಿನ ಮುಂದೆ ಕುಳಿತು, ಅವರ ಹೆಬ್ಬೆರಳಿನ ಗುರುತನ್ನು ನೋಡುತ್ತಿರುವಾಗ ಅನ್ನಿಸಿತು. ಚುನಾವಣೆಯ ದಿನ ಅವರು ಸಾಲಿನಲ್ಲಿ ನಿಂತು ತಾವಾಗಿ ತೋರುಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುತ್ತಾರೆ. ಉಳಿದ ಐದು ವರ್ಷ ನಾವು ಅವರಿದ್ದಲ್ಲಿಗೇ ಹೋಗಿ ಹೆಬ್ಬೆರಳಿಗೆ ಶಾಯಿ ಹಚ್ಚಿ ಬರುತ್ತೇವೆ. ಎರಡೂ ಶಾಯಿಯನ್ನು ಒಂದೇ ಲೆಕ್ಕದಲ್ಲಿ ಸೇರಿಸಿ ಜನರ ಸರ್ಕಾರ ಎನ್ನುತ್ತೇವೆ.

ನಾನು ಅಧ್ಯಕ್ಷೆಯ ಕಡೆ ತಿರುಗಿದೆ. ಸಭೆ ಅವರದು, ನಾನು ಬರೆಯುವವಳು ಮಾತ್ರ.

“ಅಧ್ಯಕ್ಷರೇ, ಹದಿನಾಲ್ಕು ಜನ ಇದ್ದಾರೆ. ಏನು ಬರೆಯಲಿ?”

ಗಂಡ ಬಾಯಿ ತೆರೆದ. ಅಧ್ಯಕ್ಷೆ ಅವನನ್ನು ನೋಡಲಿಲ್ಲ. ಆ ಕೂಲಿ ಹೆಂಗಸಿನ ಕಡೆ ನೋಡುತ್ತ, ಬಹಳ ಮೆಲ್ಲಗೆ ಅಂದರು: “ಮಂದಿ ಬಂದಿಲ್ಲಂದ್ರ ಬಂದಿಲ್ಲಂತ ಬರೀರಿ.”

ನೂರಾ ಹನ್ನೆರಡು ಸಹಿಗಳ ಮೇಲೆ ಅಡ್ಡಗೆರೆ ಎಳೆದೆ. ‘ಕೋರಂ ಇಲ್ಲದ ಕಾರಣ ಸಭೆಯನ್ನು ಮುಂದೂಡಲಾಗಿದೆ’ ಎಂದು ಬರೆದು ಪುಸ್ತಕ ಅವರ ಮುಂದಿಟ್ಟೆ. ಅವರು ಸಹಿ ಮಾಡಿದರು. ಬಿಡಿಬಿಡಿ ಅಕ್ಷರ. ಗಂಡ ಚಪ್ಪಲಿ ಮೆಟ್ಟಿ ಹೊರಟುಹೋದ.

ಆ ಸಂಜೆ ಮೇಲಧಿಕಾರಿಯ ಫೋನ್ ಬಂತು. “ಎಲ್ಲರ ಪಟ್ಟಿ ಬಂತು, ನಿಮ್ಮದೊಂದೇ ಬಾಕಿ. ಮನೆಗಳು ವಾಪಸ್ ಹೋದರೆ ಆ ಮೂವತ್ತು ಬಡವರಿಗೆ ನೀವು ಉತ್ತರ ಹೇಳ್ತೀರಾ?” ಆ ಪ್ರಶ್ನೆ ನನ್ನನ್ನೂ ಕಾಡುತ್ತಿತ್ತು. ಎರಡು ವಾರ ಕೊಡಿ ಸರ್ ಎಂದೆ. ಮೂರನೇ ದಿನ ವಿಳಂಬಕ್ಕೆ ಕಾರಣ ಕೇಳಿ ನೋಟಿಸು ಬಂತು. ಖಾಲಿ ಅಂಗಳದ ಫೋಟೊ ಲಗತ್ತಿಸಿ ಉತ್ತರ ಬರೆದೆ. ಕೊನೆಗೆ ಒಂದು ಎಚ್ಚರಿಕೆ ಪತ್ರ ನನ್ನ ಸೇವಾ ಪುಸ್ತಕ ಸೇರಿತು. ಈಗಲೂ ಅಲ್ಲೇ ಇದೆ.

ಜನ ಯಾಕೆ ಬರುವುದಿಲ್ಲ ಎಂದು ನಾನು ಮೂರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಈಗ ಓಣಿ ಓಣಿ ತಿರುಗಿ ಕೇಳಿದೆ. ಉತ್ತರಗಳು ಎಷ್ಟು ಸರಳವಾಗಿದ್ದವೆಂದರೆ ನನಗೇ ನಾಚಿಕೆಯಾಯಿತು. “ಹನ್ನೊಂದಕ್ಕ ಯಾರ್ರಿ ಊರಾಗ ಇರ್ತಾರ?” ಎಂದಳು ಒಬ್ಬಳು. ಪಂಚಾಯಿತಿ ಅಂಗಳದ ಕಟ್ಟೆಯ ಮೇಲೆ ಹಿರಿಯರು ಕೂತಿರುತ್ತಾರೆ, ಅವರ ಮುಂದೆ ಹೆಂಗಸರು ಹೇಗೆ ಬಂದು ಕೂರುವುದು ಎಂದಳು ಇನ್ನೊಬ್ಬಳು. ಸಭೆಯ ನೋಟಿಸು ಗಾಜಿನ ಪೆಟ್ಟಿಗೆಯೊಳಗಿತ್ತು, ಅಕ್ಷರ ಇರುವೆಯಷ್ಟಿತ್ತು.

ಅಮಾವಾಸ್ಯೆಯ ದಿನ ಯಾರೂ ಎತ್ತು ಹೂಡುವುದಿಲ್ಲ, ಕೂಲಿಗೂ ಕರೆಯುವುದಿಲ್ಲ. ಆ ದಿನವನ್ನೇ ಗೊತ್ತು ಮಾಡಿದೆ. ಅದು ಶುಕ್ರವಾರ ಬಿತ್ತು. ಮಸೀದಿಯ ಹಿರಿಯರೊಬ್ಬರು ಬಂದು, “ಮಧ್ಯಾಹ್ನ ನಮಾಜ್ ಅದ ಮೇಡಂ, ಅಷ್ಟರಾಗ ಮುಗದ್ರ ನಾವೆಲ್ಲಾ ಬರ್ತೀವಿ” ಎಂದರು. ಬೆಳಿಗ್ಗೆ ಎಂಟಕ್ಕೆ ಶುರು ಎಂದು ಬದಲಿಸಿದೆ. ಜಾಗ, ಶಾಲೆಯ ಮೈದಾನದ ಬೇವಿನ ಮರದಡಿ. ಮಸೀದಿ, ಗುಡಿ, ವಿಹಾರ ಮೂರರ ಮೈಕಿನಲ್ಲೂ ಹೇಳಿಸಿದೆ. ಕಸದ ಗಾಡಿಯ ಮೈಕಿನಲ್ಲಿ ನಾನೇ ಕೂತು ಪಟ್ಟಿಯ ಒಂದೊಂದು ಹೆಸರನ್ನೂ ಓದಿದೆ. ಈ ಪಟ್ಟಿ ತಪ್ಪಿದ್ದರೆ ಬಂದು ಹೇಳ್ರಿ ಎಂದೆ.

ಅಂದು ಇನ್ನೂರಕ್ಕೂ ಹೆಚ್ಚು ಜನ ಬಂದರು. ಮೊದಲ ಒಂದು ತಾಸು ಮನೆಯ ಮಾತೇ ಬರಲಿಲ್ಲ. ಚರಂಡಿ, ಬೀದಿದೀಪ, ಸ್ಮಶಾನದ ದಾರಿ, ಮೂರು ವರ್ಷದ ಬಾಕಿಯೆಲ್ಲ ಒಮ್ಮೆಲೇ ನನ್ನ ಮೇಲೆ ಬಿತ್ತು. ಸಭೆಯ ಮೇಲ್ವಿಚಾರಣೆಗೆ ನೋಡಲ್ ಅಧಿಕಾರಿಯಾಗಿ ಬಂದಿದ್ದ ಪಶುವೈದ್ಯರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ಬಳಿಕ ಪಟ್ಟಿ ಓದಲು ಶುರುಮಾಡಿದೆ, ಹೆಸರಿನ ಜೊತೆಗೆ ಅಂಕ ಯಾಕೆ ಬಂತು ಎಂಬುದನ್ನೂ.

ನಾನು ಸ್ಲ್ಯಾಬ್ ಎಂದು ಬರೆದ ಆ ಹೆಂಗಸು ಎದ್ದು ತಮ್ಮ ಕೊಟ್ಟಿಗೆಯ ಮಾತು ಹೇಳಿದರು. ಅಕ್ಕಪಕ್ಕದವರು “ಖರೆ ಅದರಿ” ಎಂದರು. ಮೈದುನನೂ ತಲೆ ತಗ್ಗಿಸಿ ಹೌದೆಂದ. ಅವರ ಹೆಸರು ಸೇರಿತು. ಹದಿನೆಂಟನೇ ಹೆಸರು ಓದಿದಾಗ ಹಿಂದಿನಿಂದ ಯಾರೋ, “ಆತಂದು ಕಲ್ಯಾಣದಾಗ ಮನಿ ಅದಲ್ರಿ!” ಎಂದರು. ಅವನು ಅಧ್ಯಕ್ಷೆಯ ಗಂಡನ ದೊಡ್ಡಪ್ಪನ ಮಗ. ಇದೂ ನನ್ನ ಸಮೀಕ್ಷೆಗೆ ಸಿಕ್ಕಿರಲಿಲ್ಲ. ಎಲ್ಲರೂ ಅಧ್ಯಕ್ಷೆಯನ್ನು ನೋಡಿದರು. “ಇದ್ದದ್ದು ಖರೆ,” ಎಂದರು ಅವರು, “ತೆಗೀರಿ.” ಆ ಗಳಿಗೆಯಲ್ಲಿ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಕಚೇರಿಗೆ ಕಾಣದ್ದು ಊರಿಗೆ ಕಾಣುತ್ತದೆ, ಇದಕ್ಕೇ ಅಲ್ಲವೇ ಸಭೆ ಇರುವುದು ಎಂದುಕೊಂಡೆ.

ಆ ಸಂತೋಷ ನಾಲ್ಕು ಹೆಸರಿನವರೆಗೆ ಉಳಿಯಿತು.

ಇಪ್ಪತ್ತೆರಡನೆಯದು ಒಂಟಿ ಹೆಂಗಸಿನ ಹೆಸರು. ಗಂಡನ ಮನೆ ಬಿಟ್ಟು ತವರೂರಿಗೆ ಬಂದು, ಬಿದ್ದ ಗೋಡೆಗೆ ತಗಡು ಹೊದಿಸಿಕೊಂಡು ಇದ್ದಳು. ದಿನವೂ ನಸುಕಿಗೆ ಹೊರಟು ಹುಮನಾಬಾದಿನ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ದಿನ ಸಭೆಯಲ್ಲಿ ಇರಲಿಲ್ಲ. ನಾನು ಇಡೀ ಊರಿಗೆ ಹೊಂದುವ ಹೊತ್ತು ಹುಡುಕಿದ್ದೆ, ಅವಳಿಗೆ ಹೊಂದುವ ಹೊತ್ತನ್ನಲ್ಲ. ಖಾನಾವಳಿಗೆ ಅಮಾವಾಸ್ಯೆ ಇಲ್ಲ.

ಕಿರಾಣಿ ಅಂಗಡಿಯ ಹಿರಿಯರೊಬ್ಬರು ಎದ್ದರು. “ಆಕಿಗ ಗಂಡನ ಮನಿ ಅದ. ಬಿಟ್ಟು ಬಂದಾಕಿಗ ಸರ್ಕಾರ ಮನಿ ಕಟ್ಟಿಕೊಟ್ರ, ನಾಳಿ ಎಲ್ಲಾರ ಹೆಣ್ಮಕ್ಕಳೂ ಬಿಟ್ಟು ಬರ್ತಾರ.”

ಕೆಲವರು ನಕ್ಕರು. ಬೇರೆ ಮಕ್ಕಳೊಂದಿಗರಿಗೆ ಕೊಡಿ ಎಂದು ದನಿಗಳು ಎದ್ದವು. ನಾನು ನಿಯಮ ಹೇಳಿದೆ: ನೋಡಬೇಕಾದದ್ದು ಮನೆಯ ಸ್ಥಿತಿ, ಸಂಸಾರವಲ್ಲ. ಅಧ್ಯಕ್ಷೆ ಕೈ ಎತ್ತಲು ಹೇಳಿದರು. ತೆಗೆಯಬೇಕು ಎಂದವರೇ ಹೆಚ್ಚಿದ್ದರು. ಹೆಂಗಸರ ಕೈಗಳೂ ಇದ್ದವು.

“ಸಭೆಯ ನಿರ್ಣಯ ಮೇಡಂ, ಬರೀರಿ,” ಎಂದರು ಪಶುವೈದ್ಯರು ಮೆಲ್ಲಗೆ.

“ತೆಗೆಯುವ ಕಾರಣವನ್ನೂ ಬರೀಬೇಕು,” ಎಂದೆ ಹಿರಿಯರಿಗೆ. “ನೀವು ಹೇಳಿದ ಮಾತನ್ನೇ, ನಿಮ್ಮ ಹೆಸರಿನಲ್ಲೇ ಬರೀತೀನಿ. ಆಗಬಹುದಾ?”

ಹಿಂಜರಿಯಬಹುದು ಎಂದುಕೊಂಡಿದ್ದೆ. “ಬರೀರಿ. ಮುಚ್ಚಿ ಹೇಳೂದು ಏನದ ಅದರಾಗ?” ಎಂದರು. ಅಕ್ಷರ ಬಿಡದೆ ಬರೆದೆ. ಕೆಳಗೆ ‘ಬಹುಮತದಿಂದ’ ಎಂದು ಸೇರಿಸಿದೆ. ನನ್ನ ಕೈಯಿಂದ ಆ ಪದ ನಡಾವಳಿಗೆ ಬಂದದ್ದು ಅದೇ ಮೊದಲು. ಅವಳ ಹೆಸರು ಕಾಯುವ ಪಟ್ಟಿಗೆ ಇಳಿಯಿತು, ಕಾಯುವ ಪಟ್ಟಿಯಲ್ಲಿದ್ದ ಒಬ್ಬ ದರ್ಜಿಯ ಹೆಸರು ಮೇಲೆ ಬಂತು.

ಅಂದು ಸಂಜೆ ಹುಮನಾಬಾದಿನಲ್ಲಿ ಬಸ್ಸಿಳಿದು ಖಾನಾವಳಿಗೆ ಹೋದೆ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಬೇಕಿತ್ತು. ಅವಳು ಹಂಚಿನ ಮುಂದಿನಿಂದ ಎದ್ದು, ಹಿಟ್ಟಿನ ಕೈಯಲ್ಲೇ ಹಿತ್ತಲ ಬಾಗಿಲಿಗೆ ಬಂದಳು. ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಕೇಳಿದಳು:

“ಮೊದಲಿನಂಗ ನೀವೇ ಬರದು ಕಳಸಿದ್ರ ನನಗ ಮನಿ ಸಿಗ್ತಿತ್ತು. ಹೌದಲ್ರಿ?”

“ಹೌದು,” ಎಂದೆ.

ಮನೆಗೆ ನಡೆದುಕೊಂಡು ಹೋಗುವಾಗ ಅದನ್ನೇ ಯೋಚಿಸಿದೆ. ಎಂ.ಎ.ಯಲ್ಲಿ ರಾಜ್ಯಶಾಸ್ತ್ರ ಓದಿದವಳು ನಾನು. ಸರ್ಕಾರ ಯಾವಾಗ ಜನರದ್ದಾಗುತ್ತದೆ ಎಂಬ ಪ್ರಶ್ನೆಗೆ ಪುಟಗಟ್ಟಲೆ ಉತ್ತರ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಹೊಲದಿಂದ ಬಂದ ಹೆಂಗಸು ಆ ಉತ್ತರದ ಅರ್ಧ ಕಿತ್ತುಕೊಂಡಿದ್ದರು: ಬಾರದವರ ಹೆಸರಿನಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ, ಪಟ್ಟಿ ಎಷ್ಟೇ ನ್ಯಾಯವಾಗಿರಲಿ. ಉಳಿದ ಅರ್ಧವನ್ನು ಇವಳು ಕಿತ್ತುಕೊಂಡಳು. ಬಂದವರೆಲ್ಲ ಕೈ ಎತ್ತಿದ ಮಾತ್ರಕ್ಕೆ ಅದು ನ್ಯಾಯವೂ ಅಲ್ಲ. ಹಾಗಾದರೆ ಹಳೆಯದಕ್ಕೆ ಮರಳುವುದೇ? ಅಲ್ಲಿ ಅವಳಿಗೆ ಮನೆ ಸಿಗುತ್ತಿತ್ತು, ನಿಜ. ಆದರೆ ಅದು ನನ್ನ ದಯೆಯಿಂದ ಸಿಗುತ್ತಿತ್ತು. ನನ್ನ ಜಾಗಕ್ಕೆ ನಾಳೆ ಬೇರೆಯವರು ಬಂದರೆ ಯಾರ ದಯೆ? ಈ ಮಾತು ನನಗೆ ಸರಿ ಕಂಡಿತು. ಹೇಳಿದ್ದರೆ ಅವಳಿಗೆ ಸರಿ ಕಾಣುತ್ತಿತ್ತೆಂದು ಮಾತ್ರ ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ನಾನು ಬಸ್ಸಿಗೆ ಕಾಯುತ್ತಿದ್ದಾಗ ಅವಳು ಊರಿನಿಂದ ಬಂದಿಳಿದಳು. ನೇರ ನನ್ನ ಹತ್ತಿರ ಬಂದು, “ಇದರ ಮ್ಯಾಲ ಇನ್ನ ಯಾರೂ ಇಲ್ಲೇನ್ರಿ ಕೇಳೂರು?” ಎಂದಳು. ಮೇಲ್ಮನವಿ ಇದೆ ಎಂದೆ. “ಬರದು ಕೊಡ್ರಿ” ಎಂದಳು. ನಮ್ಮ ಸಭೆಯ ವಿರುದ್ಧದ ಅರ್ಜಿಯನ್ನು ನಾನೇ ಬರೆಯುವಂತಿರಲಿಲ್ಲ. ಏನೇನು ಬರೆಯಬೇಕು, ನಡಾವಳಿಯ ನಕಲು ಹೇಗೆ ಪಡೆಯಬೇಕು ಎಂದು ಹೇಳಿದೆ. ಖಾನಾವಳಿಯ ಯಜಮಾನಿ ಬರೆದುಕೊಟ್ಟರಂತೆ.

ಮೇಲ್ಮನವಿ ಕೇಳಿದ ಅಧಿಕಾರಿಗಳು ನಡಾವಳಿಯಲ್ಲಿದ್ದ ಹಿರಿಯರ ಆ ಮಾತನ್ನು ಓದಿದರು. ಮನೆಯ ಸ್ಥಿತಿಯನ್ನು ಬಿಟ್ಟು ಬೇರೆ ಕಾರಣಕ್ಕೆ ಹೆಸರು ತೆಗೆಯುವಂತಿಲ್ಲ, ಇದೊಂದು ಹೆಸರನ್ನು ಮತ್ತೆ ಗ್ರಾಮಸಭೆಯ ಮುಂದಿಡಿ ಎಂದು ಆದೇಶ ಬಂತು. ಉಳಿದ ಇಪ್ಪತ್ತೊಂಬತ್ತು ಹೆಸರು ಮಂಜೂರಾದವು.

ಮತ್ತೆ ಸಭೆ ಕರೆದಾಗ ತೊಗರಿ ಹೂವಿಗೆ ಬಂದಿತ್ತು. ಒಂದೇ ಹೆಸರಿನ ಸಭೆಗೆ ಯಾರು ಬರುತ್ತಾರೆ? ಎಂಟೂವರೆಯಾದರೂ ಎಂಬತ್ತು ದಾಟಲಿಲ್ಲ. ಅಧ್ಯಕ್ಷೆ ಗಂಡನಿಗೆ, “ನಿಮ್ಮ ಮಂದಿನ್ನ ಕರೀರಿ” ಎಂದರು. ಆತ ಮುಖ ಗಂಟಿಕ್ಕಿಕೊಂಡೇ ಹೋಗಿ ಕರೆತಂದ. ನೂರನೆಯವರು ಬಂದು ಕೂತ ಮೇಲೆ ಶುರುಮಾಡಿದೆವು.

ಅವಳು ಈ ಸಲ ಬಂದಿದ್ದಳು. ಆದೇಶ ಓದಿ ಮುಗಿಸುತ್ತಲೇ ಎದ್ದು ನಿಂತಳು.

“ಗಂಡನ ಮನಿ ಯಾಕ ಬಿಟ್ಟೆ ಅಂತ ಹೇಳಾಕ ನಾ ಬಂದಿಲ್ಲ. ಅದು ನಂದು. ನನ್ನ ಗ್ವಾಡಿ ನೋಡ್ರಿ, ತಗಡ ನೋಡ್ರಿ. ಇಲ್ಲೇ ಅದ, ಹತ್ತ ಹೆಜ್ಜಿ. ಗಟ್ಟಿ ಇದ್ರ ಮನಿ ಬ್ಯಾಡ ಅನ್ರಿ, ನಾ ಹೋಗ್ತೀನಿ.”

ಯಾರೂ ಅಲುಗಾಡಲಿಲ್ಲ. ಆಮೇಲೆ ಅಧ್ಯಕ್ಷೆಯೇ ಎದ್ದು ನಡೆದರು. ಹಿಂದೆ ಏಳೆಂಟು ಜನ, ಅವರ ಜೊತೆ ಕಿರಾಣಿ ಅಂಗಡಿಯ ಹಿರಿಯರೂ. ಕಾಲು ತಾಸಿನಲ್ಲಿ ತಿರುಗಿ ಬಂದರು. ಹಿರಿಯರು ಕೂರುವ ಮೊದಲು ಹೇಳಿದ್ದು ಇಷ್ಟೇ: “ಹಿಂದಿನ ಗ್ವಾಡಿ ಬೀಳೂ ಹಂಗ ಅದ. ಖರೆ.” ಕೈ ಎತ್ತುವಾಗ ಅವರು ಎತ್ತಲಿಲ್ಲ. ಬೇಡ ಎನ್ನುವವರು ಎತ್ತಿ ಎಂದಾಗಲೂ ಎತ್ತಲಿಲ್ಲ. ಉಳಿದವರಲ್ಲಿ ಹೆಚ್ಚಿನವರು ಎತ್ತಿದರು.

ಅವಳ ಹೆಸರು ಸೇರಿದ್ದರಿಂದ ದರ್ಜಿಯ ಹೆಸರು ಮತ್ತೆ ಕಾಯುವ ಪಟ್ಟಿಗೆ ಇಳಿಯಿತು. ಅವರು ಅಲ್ಲೇ ಕೂತಿದ್ದರು. “ನನ್ನ ಮಾಳಿಗಿನೂ ಸೋರ್ತದ್ರಿ,” ಎಂದರು. “ಮುಂದಿನ ಸಲ ಮೊದಲ ನನ್ನ ಹೆಸರ ಓದಬೇಕು. ಅದನ್ನೂ ಬರ್ಕೋರಿ.” ಬರೆದುಕೊಂಡೆ. ಬರೆದದ್ದನ್ನು ಅವರ ಮುಖ ನೋಡಿ ಓದಿ ಹೇಳಲು ನನಗೆ ಕಷ್ಟವಾಯಿತು.

ಪಂಚಾಯಿತಿಯಿಂದ ಏನಾದರೂ ಸಿಕ್ಕಾಗ ಜನ ಕೈ ಮುಗಿಯುತ್ತಾರೆ. ಕಾಲಿಗೆ ಬೀಳುವವರೂ ಇದ್ದಾರೆ. ಬೇಡ ಎಂದರೂ ಬಿಡುವುದಿಲ್ಲ. ಸಭೆ ಚದುರುವಾಗ ಅವಳು ಮೇಜಿನ ಹತ್ತಿರ ಬಂದಾಗ ನಾನು ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದೆ.

“ಬರದ್ರೇನು?” ಎಂದಳು.

“ಬರೆದೆ.”

“ಓದ್ರಿ.”

ಓದಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಕೊನೆಯ ಪದದವರೆಗೂ ಕೇಳಿದಳು.

“ಹಾಂ, ಬರಾಬರ್ ಅದ,” ಎಂದಳು. “ರೊಟ್ಟಿಗ ಹೊತ್ತಾತು.”

ಕೈ ಮುಗಿಯದೆ, ಯಾರ ಕಡೆಗೂ ತಿರುಗಿ ನೋಡದೆ, ಟಂಟಂ ನಿಲ್ಲುವ ಕಡೆಗೆ ಬಿರಬಿರನೆ ನಡೆದಳು.